ಕೆರಿ ಮೀನ ಯಾರದು?

ಇವತ್ತು ತೊಗರಿ ಮಾತಲ್ಲ, ಮೀನಿನ ಮಾತು.

ಹೋದ ವಾರ ಕೆರಿ ದಂಡಿಮ್ಯಾಗ ಜಗಳ ಆಯ್ತು. ನಮ್ಮ ಓಣಿ ಹುಡುಗ ಬಲಿ ಹಾಕಿದ್ದ. ಗುತ್ತಿಗಿ ಹಿಡಿದವರು ಬಂದು ಬಲಿ ಕಸಗೊಂಡರು. "ನಮ್ಮ ಮುತ್ತ್ಯಾ ಇಲ್ಲೇ ಹಿಡೀತಿದ್ದ, ನೀರೇನು ನಿಮ್ಮ ಮನೀದಾ?" ಅಂತ ಅವ ಕೇಳಿದ. ಆ ಪ್ರಶ್ನೆ ನನ್ನ ತಲ್ಯಾಗ ಉಳೀತು.

ಬ್ರಿಟಿಷರು 1897ರಲ್ಲಿ ಮೀನುಗಾರಿಕೆ ಕಾಯ್ದೆ ತಂದರು. ಮೀನಿಗಾಗಿ ನೀರಿನಾಗ ಡೈನಮೈಟ್ ಹಾರಿಸಿದರ, ವಿಷ ಬೆರೆಸಿದರ ಎರಡು ತಿಂಗಳ ತನಕ ಜೈಲು, ಇಲ್ಲಾ 200 ರೂಪಾಯಿ ತನಕ ದಂಡ. ಒಬ್ಬನ ಖಾಸಗಿ ನೀರಿನಾಗೂ ಬೇರೆಯವರಿಗೆ ರೂಢಿಯಿಂದ ಬಂದ ಮೀನಿನ ಹಕ್ಕು ಇರಬಹುದು ಅಂತ ಆ ಕಾಯ್ದೆ ಒಪ್ಪಿತ್ತು. ಆದರ ಅದು ಬ್ರಿಟಿಷ್ ಸೀಮೆಯ ಕಾಯ್ದೆ. ಕೋಡ್ಲಾ, ಸೇಡಂ ಇದ್ದದ್ದು ನಿಜಾಮರ ರಾಜ್ಯದಾಗ. ಇಲ್ಲಿ ಫಸಲಿ 1317ರ ಭೂಕಂದಾಯ ಕಾಯ್ದೆ ಹೊಳಿ, ಹಳ್ಳ, ಕೆರಿ ಸರ್ಕಾರದ ಆಸ್ತಿ ಅಂತ ಬರೀತು. 1949ರಲ್ಲಿ ಜಾಗೀರು ರದ್ದಾದವು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕ ಸೇರಿದಿವಿ. 1964ರ ಭೂಕಂದಾಯ ಕಾಯ್ದೆಯ 67ನೇ ಕಲಂ ಹೇಳಿದ್ದೂ ಅದೇ. ಆಳೋರು ಬದಲಾದರು, ನೀರಿನ ಮಾಲೀಕತ್ವ ಬದಲಾಗಲಿಲ್ಲ.

ಒಡಿಶಾದ ಚಿಲಿಕಾ ಸರೋವರದ ಕಥಿ ಕೇಳ್ರಿ. ಅಲ್ಲಿ ಕೆಲವರು ಜಮೀನ್ದಾರನಿಗೆ ರೊಕ್ಕ ಕೊಟ್ಟು ಮೀನ ಹಿಡಿಯೋ ಹಕ್ಕು ತಗೊಂಡಿದ್ದರು. ಜಮೀನ್ದಾರಿ ಸರ್ಕಾರಕ್ಕ ಹೋದ ಮ್ಯಾಲ ಸರ್ಕಾರ ಒಪ್ಪಲಿಲ್ಲ. 1955ರಲ್ಲಿ ಸುಪ್ರೀಂ ಕೋರ್ಟ್, ಮೀನ ಹಿಡಿಯೋ ಹಕ್ಕೂ ಸ್ಥಿರಾಸ್ತಿ ಇದ್ದಂಗ, ನೋಂದಣಿಯಾದ ಕಾಗದ ಇಲ್ಲದ ಬಾಯಿಮಾತು ನಡೆಯೋದಿಲ್ಲ ಅಂತು. ರೊಕ್ಕ ಕೊಟ್ಟವರೇ ಸೋತರು. ಮುತ್ತ್ಯಾನ ರೂಢಿ ಒಂದೇ ಹಿಡಕೊಂಡು ಹೋದರ ನಮ್ಮ ಹುಡುಗನ ಗತಿ ಏನು?

ಈಗ ನಮಗಿರೋದು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ. ಕಾಗಿಣಾದಂಥ ಹೊಳ್ಯಾಗ ಹಿಡೀಲಿಕ್ಕೆ ಲೈಸನ್ಸ್, ಕೆರ್‍ಯಾಗ ಗುತ್ತಿಗಿ. ಗುತ್ತಿಗಿ ಸಾಮಾನ್ಯವಾಗಿ ಐದು ವರ್ಷಕ್ಕ, ಮೀನುಗಾರರ ಸಹಕಾರ ಸಂಘಕ್ಕ ಆದ್ಯತೆ ಅದ. ಅಂದರ ಬಾಗಿಲು ಪೂರಾ ಮುಚ್ಚಿಲ್ಲ, ಆದರ ಸಂಘದ ಮುಖಾಂತರ ಒಳಗ ಹೋಗಬೇಕು.

ನನಗ ಇದು ಪೂರಾ ನ್ಯಾಯ ಅನಸೋದಿಲ್ಲ. ಬರಗಾಲದಾಗ ಎಷ್ಟೋ ಮನಿ ಆ ಕೆರಿ ಮೀನಿನ ಮ್ಯಾಲೇ ದಿನ ದೂಡ್ಯಾವ. ಅದರ ಲೆಕ್ಕ ಯಾವ ದಫ್ತರದಾಗೂ ಇಲ್ಲ. ಆದರ ದಂಡಿಮ್ಯಾಗ ಬಡಿದಾಡಿದರ ಕೇಸು ಬೀಳತದ, ಹಕ್ಕು ಬರೋದಿಲ್ಲ. ನಿಮ್ಮೂರ ಕೆರಿ ಗುತ್ತಿಗಿ ಯಾವ ವರ್ಷ ಮುಗೀತದ ಅಂತ ಕೇಳಿ ಬರಕೊಳ್ರಿ, ಅಷ್ಟರೊಳಗ ಹುಡುಗರನ್ನ ಸಂಘಕ್ಕ ಸೇರಿಸ್ರಿ.

ಹಿರಿಯರು ಹೇಳಿದ ಮ್ಯಾಲ ಬಲಿ ವಾಪಸ್ ಬಂತು. ಸಂಘದ ಅರ್ಜಿ ನಾಳೆ ಬರೀತೀವಿ.