ನಿಸ್ತಂತು ಸಂವೇದಕ ಜಾಲ: ಹತ್ತಿರದ ದಾರಿಯೇ ಅಗ್ಗದ ದಾರಿಯಲ್ಲ

ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರ, ಮಳೆಯನ್ನೇ ನಂಬಿ ಕಡಲೆಕಾಯಿ ಬೆಳೆಯುವ ಸೀಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಸ್ವಿಟ್ಜರ್ಲೆಂಡ್‌ನ ಲೌಸಾನ್ ನಗರದ ಫೆಡರಲ್ ತಾಂತ್ರಿಕ ಸಂಸ್ಥೆಯ ಸಂಶೋಧಕರು 2000ದ ದಶಕದ ಮಧ್ಯಭಾಗದಲ್ಲಿ ಇಲ್ಲಿ ಮಣ್ಣಿನ ತೇವಾಂಶ ಅಳೆಯುವ ನಿಸ್ತಂತು ಸಂವೇದಕಗಳನ್ನು ಅಳವಡಿಸಿದರು. ‘ಕಾಮನ್‌ಸೆನ್ಸ್ ನೆಟ್’ ಎಂಬುದು ಆ ಯೋಜನೆಯ ಹೆಸರು.

ಹೊಲದ ನಡುವಿನ ಸಂವೇದಕಕ್ಕೆ ಬ್ಯಾಟರಿಯೇ ಜೀವಾಳ. ಅದರ ರೇಡಿಯೊ ದುರ್ಬಲವಾದುದರಿಂದ ದೂರದ ಘಟಕವು ಮಾಹಿತಿಯನ್ನು ನೆರೆಯ ಘಟಕಕ್ಕೆ ಒಪ್ಪಿಸುತ್ತದೆ, ಅದು ಮುಂದಿನದಕ್ಕೆ ದಾಟಿಸುತ್ತದೆ. ಹೀಗೆ ಕೈಯಿಂದ ಕೈಗೆ ಸಾಗಿ ಮಾಹಿತಿಯು ಕೇಂದ್ರ ಸೇರುವ ವ್ಯವಸ್ಥೆಯೇ ಮೆಶ್ ಜಾಲ. ಯಾವ ನೆರೆಯವನ ಕೈಗೆ ಕೊಡಬೇಕು ಎಂಬ ನಿರ್ಧಾರವೇ ರೂಟಿಂಗ್. ಬ್ಯಾಟರಿ ಎಷ್ಟು ಕಾಲ ಬಾಳುತ್ತದೆ ಎಂಬುದು ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.

ಅತಿ ಕಡಿಮೆ ಜಿಗಿತಗಳ ದಾರಿಯೇ ಉತ್ತಮವೆಂದು ಮೇಲ್ನೋಟಕ್ಕೆ ತೋರುತ್ತದೆ. ವಾಸ್ತವ ಬೇರೆ. ಉದ್ದನೆಯ ಜಿಗಿತದಲ್ಲಿ ಸಂಕೇತ ಕ್ಷೀಣಿಸಿ, ಕಳುಹಿಸಿದ್ದನ್ನೇ ಮತ್ತೆ ಮತ್ತೆ ಕಳುಹಿಸಬೇಕಾಗುತ್ತದೆ. ಶೇ 40ರಷ್ಟು ಮಾತ್ರ ಯಶಸ್ವಿಯಾಗುವ ಒಂದೇ ನೇರ ಜಿಗಿತಕ್ಕೆ ಸರಾಸರಿ 2.5 ಪ್ರಯತ್ನಗಳು ಬೇಕು. ಶೇ 90ರಷ್ಟು ಯಶಸ್ವಿಯಾಗುವ ಎರಡು ಗಿಡ್ಡ ಜಿಗಿತಗಳಿಗೆ ಒಟ್ಟು ಸುಮಾರು 2.2 ಸಾಕು. ಸುತ್ತುದಾರಿಯೇ ಅಗ್ಗ! ಈ ಲೆಕ್ಕಾಚಾರಕ್ಕೆ ‘ಇಟಿಎಕ್ಸ್’ ಎಂದು ಹೆಸರು. ಅಮೆರಿಕದ ಎಂಐಟಿ ಸಂಶೋಧಕರು 2003ರಲ್ಲಿ ಇದನ್ನು ಮಂಡಿಸಿದಾಗ ಅವರ ಲಕ್ಷ್ಯವಿದ್ದುದು ಮಾಹಿತಿ ಸಾಗಣೆಯ ಪ್ರಮಾಣದ ಮೇಲೆ, ಬ್ಯಾಟರಿ ಉಳಿತಾಯದ ಮೇಲಲ್ಲ ಎಂಬುದು ಕುತೂಹಲದ ಸಂಗತಿ.

ದಾರಿಗಳೂ ಸ್ಥಿರವಲ್ಲ. ಬೆಳೆ ಎತ್ತರವಾದರೆ, ಮಳೆ ಸುರಿದರೆ ನಿನ್ನೆಯ ಒಳ್ಳೆಯ ಕೊಂಡಿ ಇಂದು ಕೆಡಬಹುದು. ಹಾಗೆಂದು ಘಟಕಗಳು ಸದಾ ಪರಸ್ಪರ ವಿಚಾರಿಸಿಕೊಳ್ಳುತ್ತಿದ್ದರೆ ಆ ಮಾತುಕತೆಯೇ ಬ್ಯಾಟರಿಯನ್ನು ತಿನ್ನುತ್ತದೆ. ‘ಟ್ರಿಕಲ್’ ವಿಧಾನದಲ್ಲಿ ಬದಲಾವಣೆ ಇಲ್ಲದಿರುವಷ್ಟು ಕಾಲ ವಿಚಾರಣೆಯ ಅಂತರ ಇಮ್ಮಡಿಯಾಗುತ್ತ ಗರಿಷ್ಠ ಮಿತಿಯವರೆಗೆ ಹೋಗುತ್ತದೆ. ವ್ಯತ್ಯಾಸ ಕಂಡೊಡನೆ ಮತ್ತೆ ಕಿರಿದಾಗುತ್ತದೆ. 2012ರಲ್ಲಿ ಅಂತರ್ಜಾಲ ಮಾನಕವಾದ ‘ಆರ್‌ಪಿಎಲ್’ ಇದನ್ನೇ ಬಳಸುತ್ತದೆ. ಸ್ಮಾರ್ಟ್ ಮೀಟರ್‌ಗಳಿಗೆ ಬಳಕೆಯಾಗುವ ‘ವೈ-ಸನ್’ ಮೆಶ್ ಜಾಲದಲ್ಲಿಯೂ ಆರ್‌ಪಿಎಲ್ ಇದೆ.

ಒಂದು ತೊಡಕು ಮಾತ್ರ ಲೆಕ್ಕದಿಂದ ಬಗೆಹರಿಯುವಂಥದ್ದಲ್ಲ. ಕೇಂದ್ರದ ಪಕ್ಕದ ಘಟಕಗಳು ಉಳಿದೆಲ್ಲವುಗಳ ಹೊರೆ ಹೊತ್ತು ಮೊದಲು ಸಾಯುತ್ತವೆ. ಅವು ಸತ್ತರೆ ದೂರದ ಹೊಲದ ಘಟಕದಲ್ಲಿ ಬ್ಯಾಟರಿ ತುಂಬಿದ್ದರೂ ಅದರ ಮಾತು ಯಾರಿಗೂ ಕೇಳದು. ಆದುದರಿಂದ ಆ ಘಟಕಗಳಿಗೆ ದೊಡ್ಡ ಬ್ಯಾಟರಿ ಅಥವಾ ಸೌರಫಲಕ ಕೊಡುವುದು, ಇಲ್ಲವೇ ಎರಡನೆಯ ಕೇಂದ್ರ ಸ್ಥಾಪಿಸುವುದು ರೂಢಿ.