ಹೊಳೆ, ಸಮುದ್ರ, ಕೆರೆ

ಬೇಲೂರು, ಹಳೇಬೀಡು, ಅರಸೀಕೆರೆ ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ಹೊಯ್ಸಳರ ಕಲ್ಲಿನ ಕುಸುರಿ. ಹಾಸನ ಜಿಲ್ಲೆಯ ಈ ಮೂರು ಊರುಗಳಿಗೆ ಇನ್ನೊಂದು ನಂಟೂ ಇದೆ. ಅದು ನೀರಿನ ನಂಟು.

ಬಾಬಾಬುಡನ್‌ಗಿರಿಯ ಕಡೆಯಿಂದ ಹರಿದು ಬರುವ ಯಗಚಿಯ ದಡದಲ್ಲಿ ಬೇಲೂರು ಇದೆ. ವೇಲಾಪುರಿ ಎಂಬುದು ಇದರ ಹಳೆಯ ಹೆಸರು. 1117ರಲ್ಲಿ ವಿಷ್ಣುವರ್ಧನ ಇಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ. ಅದೇ ಆವರಣದಲ್ಲಿರುವ ಕಪ್ಪೆ ಚೆನ್ನಿಗರಾಯನ ಗುಡಿ ರಾಣಿ ಶಾಂತಲೆಯದು. ಬಳಪದ ಕಲ್ಲು ಮೃದುವಾದುದರಿಂದ ಮದನಿಕೆಯರ ಒಡವೆಯ ಎಳೆಯನ್ನೂ ಬಿಡಿಸುವುದು ಶಿಲ್ಪಿಗಳಿಗೆ ಸಾಧ್ಯವಾಯಿತು. ದಾಸೋಜ, ಚಾವಣರಂಥವರು ತಮ್ಮ ಹೆಸರನ್ನೂ ಕೆತ್ತಿ ಹೋದರು. ಹೊಯ್ಸಳರು ಅಳಿದ ಮೇಲೂ ಬೇಲೂರು ಪಾಳು ಬೀಳಲಿಲ್ಲ. ವಿಜಯನಗರದ ಅರಸರು ದೇವಾಲಯವನ್ನು ಜೀರ್ಣೋದ್ಧಾರ ಮಾಡಿಸಿದರು. ಇಂದಿಗೂ ಅಲ್ಲಿ ನಿತ್ಯಪೂಜೆ, ರಥೋತ್ಸವ ನಡೆಯುತ್ತವೆ.

ಬೇಲೂರಿನಿಂದ ಹದಿನಾರು ಕಿಲೋಮೀಟರ್ ದೂರದ ಹಳೇಬೀಡಿನ ಕಥೆ ಬೇರೆ. ಆಗ ಅದು ರಾಜಧಾನಿ ದೋರಸಮುದ್ರ. ಅಲ್ಲಿನ ವಿಶಾಲವಾದ ಕೆರೆಯೇ ಈ 'ಸಮುದ್ರ'. ಯಗಚಿಗೆ ರಣಘಟ್ಟದಲ್ಲಿ ಒಡ್ಡು ಕಟ್ಟಿ, ಕಾಲುವೆ ತೆಗೆದು ಹೊಯ್ಸಳರು ಇದಕ್ಕೆ ನೀರು ತಂದರು. ಹೊಳೆಯಿಲ್ಲದ ನೆಲದಲ್ಲಿ ರಾಜಧಾನಿ ಬೆಳೆದದ್ದು ಹೀಗೆ. ಕೆರೆಯ ಸಮೀಪದಲ್ಲೇ ಹೊಯ್ಸಳೇಶ್ವರನ ಜೋಡಿ ಗುಡಿ, ಆಚೆ ಬಸ್ತಿಹಳ್ಳಿಯ ಜೈನ ಬಸದಿಗಳು. 1311ರಲ್ಲಿ ಮಲಿಕ್ ಕಾಫೂರನ ದಂಡು ಬಂತು, ಬಳಿಕ ತುಘಲಕರದು. ರಾಜಧಾನಿ ಬರಿದಾಯಿತು. ಜನರ ಬಾಯಲ್ಲಿ ಉಳಿದದ್ದು 'ಹಳೆಯ ಬೀಡು' ಎಂಬ ಹೆಸರು.

ಅರಸೀಕೆರೆ ಬಯಲುಸೀಮೆಗೆ ಸೇರಿದ್ದು. ಮಳೆ ಕಡಿಮೆ, ಹೊಳೆಯ ಆಸರೆಯಿಲ್ಲ. ಇಲ್ಲಿ ಊರಿಗೆ ಹೆಸರು ಕೊಟ್ಟದ್ದೇ 'ಅರಸಿಯ ಕೆರೆ'. ಸುಮಾರು 1220ರಲ್ಲಿ ಕಟ್ಟಿದ ಈಶ್ವರ ದೇವಾಲಯದ ಮುಂಭಾಗದ ಮಂಟಪ ಹದಿನಾರು ಮೂಲೆಗಳ ನಕ್ಷತ್ರದಂತಿದೆ. ಹೊಯ್ಸಳರ ಗುಡಿಗಳಲ್ಲೇ ಇಂಥ ಮಂಟಪ ಅಪರೂಪ. ಆದರೂ ಅರಸೀಕೆರೆ ಜಂಕ್ಷನ್‌ನಲ್ಲಿ ರೈಲು ಬದಲಿಸುವ ಬಹುಮಂದಿಗೆ ಇದರ ಸುಳಿವಿಲ್ಲ. ಯುನೆಸ್ಕೊ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು. ಅರಸೀಕೆರೆ ಅದರಲ್ಲಿಲ್ಲ.

ಗುಡಿಗಳನ್ನು ಕಾಯಲು ಕಾನೂನುಂಟು, ಕಾವಲುಗಾರರುಂಟು. ಕೆರೆಗಳ ಪಾಡು ಹಾಗಲ್ಲ. ರಣಘಟ್ಟದ ನೀರು ಮತ್ತೆ ಹಳೇಬೀಡಿನ ಕೆರೆಗೆ ಹರಿಯಲಿ ಎಂದು ಆ ಭಾಗದ ರೈತರು 2019ರಲ್ಲಿ ಚಳವಳಿ ಹೂಡಿದರು. ಹೊಸ ಬೇಡಿಕೆಯಂತೆ ಕಂಡರೂ ಅವರು ಕೇಳಿದ್ದು ಹೊಯ್ಸಳರು ಎಂದೋ ತೋರಿಸಿದ ದಾರಿಯನ್ನೇ. ಹೂಳು ತುಂಬಿದ ಕೆರೆಯೂ ಒಡೆದ ವಿಗ್ರಹದಷ್ಟೇ ದೊಡ್ಡ ನಷ್ಟ.