ಗುರಿ ಹಿಡಿದ ಎಳೆಯ ಕೈಗಳು

ಹನ್ನೆರಡು ಹದಿಮೂರು ವರ್ಷದ ಮಗನೋ ಮಗಳೋ ಒಂದು ಸಂಜೆ ತಮ್ಮ ಬಳಿಗೆ ಬಂದು, "ನಾನು ಬಂದೂಕಿನಿಂದ ಗುರಿ ಹೊಡೆಯುವುದನ್ನು ಕಲಿಯಬೇಕು" ಎಂದರೆ ತಾವು ಏನು ಹೇಳುವಿರಿ? ಸಂಗೀತ ಕಲಿಯಬೇಕೆಂದರೆ ಮೇಷ್ಟರನ್ನು ಹುಡುಕುತ್ತೇವೆ. ಕ್ರಿಕೆಟ್ ಎಂದರೆ ಬ್ಯಾಟು ಕೊಡಿಸುತ್ತೇವೆ. ಬಂದೂಕು ಎಂದೊಡನೆ ಮಾತ್ರ ಮನೆಯ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಆ ಅಂಜಿಕೆ ಸಹಜವಾದುದು, ಬೇಕಾದುದು ಕೂಡ. ಆದರೆ ಗುರಿಪಂದ್ಯದ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಿದರೆ, ಯುದ್ಧಕ್ಕೂ ಬೇಟೆಗೂ ಹುಟ್ಟಿದ ಆಯುಧವೊಂದು ಎಳೆಯರ ಕೈಗೆ ಒಪ್ಪುವ ಕ್ರೀಡಾಸಾಧನವಾದ ಬಗೆ ತಿಳಿಯುತ್ತದೆ. ಅಂಜಿಕೆಗೆ ಉತ್ತರವೂ ಅಲ್ಲಿಯೇ ಸಿಗುತ್ತದೆ.

ಗುರಿಯ ಮಾತು ಬಂದರೆ ನಮಗೆ ದ್ರೋಣಾಚಾರ್ಯರ ಪರೀಕ್ಷೆ ನೆನಪಾಗುವುದು ವಾಡಿಕೆ. ಹಕ್ಕಿಯನ್ನು ತೋರಿಸಿ, "ಏನು ಕಾಣುತ್ತದೆ?" ಎಂದು ಆಚಾರ್ಯರು ಕೇಳಿದಾಗ ಅರ್ಜುನ ಕೊಟ್ಟ ಉತ್ತರ ಎಲ್ಲರಿಗೂ ಗೊತ್ತು. ಉಳಿದ ಶಿಷ್ಯರ ಪಾಡೇನಾಯಿತು? ಅವರಿಗೆ ಬಾಣ ಬಿಡಲು ಅಪ್ಪಣೆಯೇ ಸಿಗಲಿಲ್ಲ. ಏರಿಸಿದ ಬಿಲ್ಲನ್ನು ಇಳಿಸಿ ಪಕ್ಕಕ್ಕೆ ಸರಿದರು. ಹೊಡೆಯುವುದಕ್ಕಿಂತ ಮೊದಲು ಹೊಡೆಯದೆ ಇರುವುದನ್ನು ಕಲಿಯಬೇಕೆಂಬ ಈ ಪಾಠ ಇಂದಿನ ಗುರಿಶಾಲೆಗಳಲ್ಲಿಯೂ ಮೊದಲನೆಯದು.

ಎಳೆಯರ ಗುರಿಪಂದ್ಯಕ್ಕೆ ಹಳೆಯ ಹೆಸರು ಪಡೆದ ನಾಡು ಸ್ವಿಟ್ಜರ್ಲೆಂಡ್. ಅಲ್ಲಿನ ಜ್ಯೂರಿಕ್ ನಗರದಲ್ಲಿ ಪ್ರತಿವರ್ಷ ಸೆಪ್ಟೆಂಬರ್ ತಿಂಗಳ ಎರಡನೆಯ ವಾರಾಂತ್ಯದಲ್ಲಿ 'ಕ್ನಾಬೆನ್‌ಶೀಸೆನ್', ಎಂದರೆ ಹುಡುಗರ ಗುರಿಪಂದ್ಯ, ನಡೆಯುತ್ತದೆ. ಹದಿನೇಳನೆಯ ಶತಮಾನದಷ್ಟು ಹಿಂದಕ್ಕೆ ಬೇರು ಚಾಚಿರುವ ಈ ಹಬ್ಬದಲ್ಲಿ 13ರಿಂದ 17 ವರ್ಷದವರೆಗಿನವರು ಪಾಲ್ಗೊಳ್ಳುತ್ತಾರೆ. ಜಾತ್ರೆಯ ತೊಟ್ಟಿಲು, ತಿಂಡಿಯ ಅಂಗಡಿ, ನಡುವೆ ಗುರಿಮೈದಾನ. ಹೆಸರೇ ಹುಡುಗರದ್ದಾದರೂ 1991ರಿಂದ ಹುಡುಗಿಯರಿಗೂ ಬಾಗಿಲು ತೆರೆಯಿತು. ಜಗತ್ತಿನ ಗುರಿಪಂದ್ಯಗಳಿಗೆ ನಿಯಮ ಹಾಕುವ ಅಂತರರಾಷ್ಟ್ರೀಯ ಸಂಘ 1907ರಲ್ಲಿ ಹುಟ್ಟಿದ್ದೂ ಇದೇ ಜ್ಯೂರಿಕ್‌ನಲ್ಲಿ. ಅದಕ್ಕೆ ಮೊದಲೇ, 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಬಂದೂಕು ಪಿಸ್ತೂಲುಗಳ ಸ್ಪರ್ಧೆ ಸೇರಿತ್ತು.

ನಮ್ಮ ದೇಶದಲ್ಲಿ ಮಾತ್ರ ಬಂದೂಕು ಬಹುಕಾಲ ಸಿಪಾಯಿಯದು, ಇಲ್ಲವೇ ಅರಸರ ಬೇಟೆಯದು. ಇದಕ್ಕೆ ಕೊಡಗು ಒಂದು ಅಪವಾದ. ಕೋವಿ ಅಲ್ಲಿ ಮನೆತನದ ಗೌರವದ ವಸ್ತು. 1861ರಿಂದ ಕೊಡವರಿಗೆ ಆಯುಧ ಕಾನೂನಿನಿಂದ ವಿಶೇಷ ವಿನಾಯಿತಿ ನಡೆದುಬಂದಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸಿದ ಮೇಲೆ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯವಿರುತ್ತದೆ. ಪೂಜೆ ಮೊದಲು, ಪಂದ್ಯ ಆಮೇಲೆ ಎಂಬ ಈ ಕ್ರಮವನ್ನು ನೋಡುತ್ತ ಬೆಳೆದ ಮಗು ಆಯುಧವನ್ನು ಆಟಿಕೆಯೆಂದು ಎಣಿಸುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. 1948ರಲ್ಲಿ ಎನ್.ಸಿ.ಸಿ. ಸ್ಥಾಪನೆಯಾಯಿತು, ಪೇಟೆಯ ಸಾಮಾನ್ಯ ಮನೆತನದ ಎಷ್ಟೋ ವಿದ್ಯಾರ್ಥಿಗಳು ಮೊದಲ ಬಾರಿಗೆ ರೈಫಲ್ಲನ್ನು ಭುಜಕ್ಕೇರಿಸಿದ್ದು ಅದರ ಶಿಬಿರಗಳಲ್ಲಿ. 1951ರಲ್ಲಿ ರಾಷ್ಟ್ರೀಯ ರೈಫಲ್ ಸಂಘ ರೂಪುಗೊಂಡಿತು. ಲೋಕಸಭೆಯ ಮೊದಲ ಸಭಾಧ್ಯಕ್ಷರಾದ ಜಿ.ವಿ. ಮಾವಳಂಕರರೇ ಅದರ ಮೊದಲ ಅಧ್ಯಕ್ಷರು. ಬಿಕಾನೇರಿನ ಮಹಾರಾಜ ಕರಣಿ ಸಿಂಗರು 1962ರಲ್ಲಿ ಕೈರೋದ ವಿಶ್ವ ಪಂದ್ಯದಲ್ಲಿ ಬೆಳ್ಳಿಯ ಪದಕ ಗೆದ್ದು, 1960ರಿಂದ 1980ರವರೆಗೆ ಐದು ಒಲಿಂಪಿಕ್ಸ್‌ಗಳಲ್ಲಿ ಭಾಗವಹಿಸಿದರು. ಅವರ ಮಗಳು ರಾಜ್ಯಶ್ರೀ ಕುಮಾರಿ ಬಾಲ್ಯದಲ್ಲಿಯೇ ಈ ವಿದ್ಯೆಗೆ ಕೈಹಚ್ಚಿ, 1968ರಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗಲೇ, ಅರ್ಜುನ ಪ್ರಶಸ್ತಿಗೆ ಪಾತ್ರರಾದರು. ಬಾಲೆಯೊಬ್ಬಳು ಗುರಿಕಾರಳಾಗಬಹುದೆಂದು ನಾಡಿಗೆ ತಿಳಿಯಿತು. ಆದರೆ ಅದು ಅರಮನೆಯ ಮಾತು. ಬಾಡಿಗೆಮನೆಯ ಹುಡುಗಿಗೆ ದಾರಿ ಎಲ್ಲಿ?

ಆ ದಾರಿಯನ್ನು ಮಾಡಿಕೊಟ್ಟದ್ದು ಗಾಳಿ ಬಂದೂಕು, ಎಂದರೆ ಏರ್ ರೈಫಲ್. ಇದರಲ್ಲಿ ಮದ್ದಿಲ್ಲ, ಹೊಗೆಯಿಲ್ಲ, ಕಿವಿ ಗಡಚಿಕ್ಕುವ ಸದ್ದಿಲ್ಲ. ಅದುಮಿಟ್ಟ ಗಾಳಿ 4.5 ಮಿಲಿಮೀಟರಿನ ಪುಟ್ಟ ಸೀಸದ ಗುಂಡನ್ನು ನೂಕುತ್ತದೆ. ಗುರಿಯ ದೂರ ಹತ್ತೇ ಮೀಟರು. ಶಾಲೆಯ ಹಜಾರವೊಂದು ಸಾಕು. 1966ರ ವಿಶ್ವ ಪಂದ್ಯದಲ್ಲಿ ಸ್ಥಾನ ಪಡೆದ ಈ ಸ್ಪರ್ಧೆ 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಬಂದಿತು. ಅಲ್ಲಿ ಮಹಿಳೆಯರ ವಿಭಾಗದಲ್ಲಿ ಚಿನ್ನ ಗೆದ್ದ ಅಮೆರಿಕದ ಪ್ಯಾಟ್ ಸ್ಪರ್ಜಿನ್‌ಗೆ ಆಗ 18 ವರ್ಷ. ಸುಲಭದ ಆಟವೆಂದು ಮಾತ್ರ ತಿಳಿಯಬಾರದು. ರೈಫಲ್ಲಿನ ಗುರಿಕಾಗದದ ನಟ್ಟನಡುವೆ ಇರುವ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರು, ಸರಿಸುಮಾರು ಪೆನ್ಸಿಲಿನ ಮೊನೆ ಮೂಡಿಸುವ ಗುರುತಿನಷ್ಟು. ನಿಂತು, ಉಸಿರು ಹದಮಾಡಿ, ಅಂಥ ಅರವತ್ತು ಗುಂಡುಗಳನ್ನು ಹೊಡೆಯಬೇಕು.

ಮುಂದಿನ ಕಥೆ ಹದಿಹರೆಯದವರದೇ. 1994ರಲ್ಲಿ ಜಸ್ಪಾಲ್ ರಾಣಾ ಮಿಲಾನ್ ನಗರದಲ್ಲಿ ಕಿರಿಯರ ವಿಶ್ವ ಪಂದ್ಯವನ್ನೂ ಹಿರೋಶಿಮಾದಲ್ಲಿ ಏಷ್ಯನ್ ಕ್ರೀಡೆಯ ಚಿನ್ನವನ್ನೂ ಗೆದ್ದಾಗ ಅವರಿಗೆ 18 ವರ್ಷ. ಅಭಿನವ್ ಬಿಂದ್ರಾ 17ನೆಯ ವಯಸ್ಸಿನಲ್ಲಿ 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಹೋಗಿ ಬರಿಗೈಯಲ್ಲಿ ಹಿಂದಿರುಗಿದರು. 2004ರ ಅಥೆನ್ಸ್‌ನಲ್ಲಿಯೂ ಪದಕ ದೊರೆಯಲಿಲ್ಲ. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಕೊನೆಯ ಗುಂಡಿಗೆ 10.8 ಅಂಕ ಗಳಿಸಿ, ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ವೈಯಕ್ತಿಕ ಚಿನ್ನವನ್ನು ತಂದರು. ಎಂಟು ವರ್ಷ ಕಾದ ಫಲ ಅದು.

ಬಿಂದ್ರಾ ಅವರಿಗೆ ಮನೆಯಲ್ಲಿಯೇ ಅಭ್ಯಾಸಕ್ಕೆ ಅನುಕೂಲವಿತ್ತು. ಅಂಥ ಅನುಕೂಲವಿಲ್ಲದ ಕಡೆಯೂ ಈ ವಿದ್ಯೆ ಬೇರೂರಿದ್ದುಂಟು. ಉತ್ತರ ಪ್ರದೇಶದ ಬಾಗಪತ್ ಜಿಲ್ಲೆಯ ಜೋಹ್ರಿ ಎಂಬ ಹಳ್ಳಿಯಲ್ಲಿ ಒಂದು ರೈಫಲ್ ಕ್ಲಬ್ಬು. 1999ರ ಸುಮಾರಿನಲ್ಲಿ ಮೊಮ್ಮಗಳೊಬ್ಬಳು ಅಲ್ಲಿಗೆ ಒಬ್ಬಳೇ ಹೋಗಲು ಅಂಜಿದಳು. ಜೊತೆಗೆ ಹೋದ ಅಜ್ಜಿ ಚಂದ್ರೋ ತೋಮರ್, ಅರವತ್ತು ದಾಟಿದವರು, ಮೊಮ್ಮಗಳಿಗೆ ಧೈರ್ಯ ತುಂಬಲು ತಾವೇ ಪಿಸ್ತೂಲು ಎತ್ತಿಕೊಂಡು ಹೊಡೆದರು, ಗುರಿ ತಪ್ಪಲಿಲ್ಲ. ಮನೆಯವರ ಕಣ್ಣು ತಪ್ಪಿಸಿ, ನೀರು ತುಂಬಿದ ಹೂಜಿಯನ್ನು ಚಾಚಿದ ಕೈಯಲ್ಲಿ ಹಿಡಿದು ತೋಳು ಗಟ್ಟಿಮಾಡಿಕೊಂಡ ಆ ಅಜ್ಜಿ 2021ರಲ್ಲಿ ತೀರಿಕೊಂಡರು. ಅದೇ ಸೀಮೆಯಲ್ಲಿ ಅಭ್ಯಾಸ ಮಾಡಿದ ರೈತನ ಮಗ ಸೌರಭ್ ಚೌಧರಿ 2018ರ ಏಷ್ಯನ್ ಕ್ರೀಡೆಯಲ್ಲಿ 16ನೆಯ ವಯಸ್ಸಿನಲ್ಲಿ ಚಿನ್ನ ಗೆದ್ದ.

ಅದೇ ವರ್ಷ, ಅದೇ ವಯಸ್ಸಿನಲ್ಲಿ, ಹರಿಯಾಣದ ಮನು ಭಾಕರ್ ಕಾಮನ್‌ವೆಲ್ತ್ ಕ್ರೀಡೆಯ ಚಿನ್ನ ಪಡೆದಳು. 2021ರಲ್ಲಿ ಟೋಕಿಯೋದಲ್ಲಿ ಪಂದ್ಯದ ನಡುವೆಯೇ ಅವಳ ಪಿಸ್ತೂಲು ಕೆಟ್ಟು, ಪದಕದ ಆಸೆ ಕೈಬಿಟ್ಟುಹೋಯಿತು. 2024ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಕಂಚಿನ ಪದಕಗಳನ್ನು ಗೆದ್ದಾಗ ಅವಳ ಗುರುವಾಗಿದ್ದವರು ಮೂವತ್ತು ವರ್ಷಗಳ ಹಿಂದೆ ಹದಿಹರೆಯದಲ್ಲಿಯೇ ಗೆದ್ದುಬಂದ ಅದೇ ಜಸ್ಪಾಲ್ ರಾಣಾ.

ಇನ್ನು ತಮ್ಮ ಮನೆಯ ಮಗುವಿನ ಮಾತು. ಏರ್ ರೈಫಲ್ ಅಗ್ಗದ ವಸ್ತುವಲ್ಲ. ಮೊದಲಿಗೆ ಕೊಳ್ಳುವ ಆತುರವೂ ಬೇಡ. ಕ್ಲಬ್ಬಿನ ಬಂದೂಕಿನಲ್ಲಿಯೇ ಕಲಿಕೆ ಆರಂಭವಾಗಲಿ. ಒಳ್ಳೆಯ ಗುರು ಮೊದಲ ದಿನವೇ ಗುಂಡು ಕೊಡುವುದಿಲ್ಲ. ಪಾದ ಊರುವುದು, ತೂಕವನ್ನು ಎಲುಬಿನ ಮೇಲೆ ಹೊರುವುದು, ಖಾಲಿ ಬಂದೂಕಿನ ಟ್ರಿಗರನ್ನು ಅಲುಗದಂತೆ ಒತ್ತುವುದು, ಇಷ್ಟರಲ್ಲಿಯೇ ವಾರಗಳು ಕಳೆಯುತ್ತವೆ. ನಳಿಗೆ ಸದಾ ಗುರಿಯ ಕಡೆಗೇ ಇರಬೇಕು. ಗುರಿಯಿಡುವವರೆಗೆ ಬೆರಳು ಟ್ರಿಗರಿನಿಂದ ದೂರವಿರಬೇಕು. "ನಿಲ್ಲಿಸಿ" ಎಂಬ ಆಜ್ಞೆ ಬಂದ ಕ್ಷಣ ಬಂದೂಕು ಬರಿದಾಗಿ ಕೆಳಗಿಳಿಯಬೇಕು. ಅದು ಖಾಲಿಯೆಂದು ತೋರಿಸಲು ಬಣ್ಣದ ಎಳೆಯೊಂದನ್ನು ತೂರಿಸಿಡಬೇಕು. ಚಾಂಪಿಯನ್ನನಿಗೂ ಇದರಿಂದ ವಿನಾಯಿತಿಯಿಲ್ಲ. ತಾವು ಗುರಿಶಾಲೆಯನ್ನು ನೋಡಲು ಹೋದಾಗ ಗೋಡೆಯ ಮೇಲಿನ ಪದಕಗಳನ್ನು ಆಮೇಲೆ ಎಣಿಸಿ. ಈ ನಿಯಮಗಳು ನಡೆಯುತ್ತಿವೆಯೇ ಎಂಬುದನ್ನು ಮೊದಲು ನೋಡಿ. ನಡೆಯದಿದ್ದರೆ ಮಗುವಿನ ಕೈಹಿಡಿದು ಹಿಂದಿರುಗಿ ಬನ್ನಿ.

ಪದಕ ಎಲ್ಲರಿಗೂ ಬರುವುದಿಲ್ಲ. ಆದರೆ ಎದೆ ಡವಗುಟ್ಟುವಾಗ ಉಸಿರನ್ನು ಹಿಡಿತಕ್ಕೆ ತಂದುಕೊಳ್ಳುವುದು, ಮನಸ್ಸು ನಿಲ್ಲದಿದ್ದರೆ ಎತ್ತಿದ ಬಂದೂಕನ್ನು ನಾಚಿಕೆಯಿಲ್ಲದೆ ಇಳಿಸಿ ಮತ್ತೆ ಎತ್ತುವುದು, ಕೆಟ್ಟ ಗುಂಡನ್ನು ಮರೆತು ಮುಂದಿನದಕ್ಕೆ ಅಣಿಯಾಗುವುದು, ಇವು ಹದಿಮೂರರಲ್ಲಿ ಕಲಿತರೆ ಮೂವತ್ತರಲ್ಲಿಯೂ ಕೈಬಿಡದ ವಿದ್ಯೆಗಳು. ಮಗು ಕೇಳಿದಾಗ ಹುಬ್ಬು ಗಂಟಿಕ್ಕುವ ಮೊದಲು, ಒಂದು ಭಾನುವಾರ ಜೊತೆಯಲ್ಲಿ ಹೋಗಿ ನೋಡಿ ಬರಬಾರದೇಕೆ? ಜೋಹ್ರಿಯ ಅಜ್ಜಿ ಮಾಡಿದ್ದೂ ಮೊದಲಿಗೆ ಅಷ್ಟೇ.